ರಾಜನ ಮುಂದೆ ಒಂದು ಉಸಿರಿನ ಪ್ರಾರ್ಥನೆ

ನಿಮ್ಮ ಸತ್ಯವೇದದಲ್ಲಿ ನೆಹೆಮೀಯನ ಪುಸ್ತಕ, 2ನೇ ಅಧ್ಯಾಯ ತೆಗೀರಿ. 1ರಿಂದ 5ನೇ ವಚನದ ತನಕ ಓದಿಕೊಳ್ಳೋಣ.

ಪ್ರಿಯರೇ, ನೆಹೆಮೀಯ ಯಾರು? ಯಾಜಕನಲ್ಲ, ಪ್ರವಾದಿಯಲ್ಲ. ನಮ್ಮ ಹಾಗೆ ಕೆಲಸಕ್ಕೆ ಹೋಗೋ ಮನುಷ್ಯ. ಶೂಷನ್ ಅರಮನೆಯಲ್ಲಿ ಅರ್ತಷಸ್ತ ರಾಜನಿಗೆ ದ್ರಾಕ್ಷಾರಸ ಕೊಡುವ ಸೇವಕ. ನಮಗೆ ಆಫೀಸಲ್ಲಿ ತಪ್ಪಾದ್ರೆ ಬೈಗುಳ ಸಿಗುತ್ತೆ. ಅವನಿಗೆ ರಾಜನ ಮುಂದೆ ತಪ್ಪಾದ್ರೆ ತಲೆನೇ ಹೋಗಬಹುದು.

ಆ ದಿನ ಅವನ ಮುಖ ಬಾಡಿತ್ತು. ರಾಜ ಕಾರಣ ಕೇಳಿದ. ನೆಹೆಮೀಯನಿಗೆ ಬಹಳ ಭಯವಾಯಿತು. ಆದರೂ ತನ್ನ ಪಿತೃಗಳ ಪಟ್ಟಣ ಹಾಳುಬಿದ್ದಿರುವುದನ್ನು ಹೇಳಿದ. ಆಗ ರಾಜ, ನಿನಗೇನು ಬೇಕು ಅಂತ ಕೇಳಿದ. ಈಗ 4ನೇ ವಚನ ಗಮನಿಸಿ. ಉತ್ತರ ಕೊಡುವುದಕ್ಕೆ ಮೊದಲು ಅವನು ಪರಲೋಕದ ದೇವರಿಗೆ ಪ್ರಾರ್ಥಿಸಿದ. ಎಷ್ಟು ಹೊತ್ತು? "ಸ್ವಲ್ಪ ಇರಿ ರಾಜರೇ, ಮೊಣಕಾಲೂರಿ ಬರ್ತೀನಿ" ಅನ್ನೋಕಾಗುತ್ತಾ? ಒಂದು ಉಸಿರಿನಷ್ಟು ಹೊತ್ತು. ಪರಲೋಕ ಅದನ್ನು ಕೇಳಿಸಿಕೊಂಡಿತು. ಹಲ್ಲೆಲೂಯಾ!

ಈಗ ಕೆಲವರು ಒಳಗೊಳಗೇ ಖುಷಿಪಡ್ತಿದ್ದೀರಿ. "ಹಾಗಾದ್ರೆ ಬಸ್ಸಲ್ಲಿ ನಿಂತು ಎರಡು ಮಾತು ಹೇಳ್ಕೊಂಡ್ರೆ ಸಾಕಲ್ವಾ ಪಾಸ್ಟರ್?" ನಿಲ್ಲಿ. 1ನೇ ಅಧ್ಯಾಯಕ್ಕೆ ಹಿಂದೆ ಹೋಗಿ. ಯೆರೂಸಲೇಮಿನ ಸುದ್ದಿ ಬಂದದ್ದು ಕಿಸ್ಲೇವ್ ತಿಂಗಳಲ್ಲಿ. ರಾಜನ ಮುಂದೆ ನಿಂತದ್ದು ನೈಸಾನ್ ತಿಂಗಳಲ್ಲಿ. ನಡುವೆ ಸುಮಾರು 4 ತಿಂಗಳು. ಸುದ್ದಿ ಕೇಳಿದಾಗಲೇ ಅವನು ಕುಳಿತು ಅತ್ತ, ಉಪವಾಸ ಮಾಡಿದ, ಹಗಲಿರುಳು ಬೇಡಿಕೊಂಡ. ಕೆಲಸವನ್ನೂ ಬಿಡಲಿಲ್ಲ, ದೇವರನ್ನೂ ಬಿಡಲಿಲ್ಲ. ಆ ಒಂದು ಉಸಿರಿನ ಹಿಂದೆ ಅಷ್ಟು ಕಣ್ಣೀರಿತ್ತು. ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತಾರಲ್ಲ, ಅವನು ಹಾಗೆ ಮಾಡಲಿಲ್ಲ. ಬಾವಿ ಮೊದಲೇ ತುಂಬಿತ್ತು, ಆ ದಿನ ಕೊಡ ಇಳಿಸಿದ ಅಷ್ಟೇ.

ನನ್ನ ತಪ್ಪನ್ನೂ ಹೇಳಬೇಕು. ಒಂದು ಕಾಲದಲ್ಲಿ ಗೃಹಪ್ರಾರ್ಥನೆ, ಮದುವೆ, ಕಟ್ಟಡದ ಲೆಕ್ಕ ಅಂತ ಓಡಾಡ್ತಿದ್ದೆ. ಫೋನ್ ಕೆಳಗಿಡೋಕೆ ಪುರುಸೊತ್ತಿರಲಿಲ್ಲ. ಒಂದು ರಾತ್ರಿ ಒಬ್ಬ ಸಹೋದರಿ ಅಳುತ್ತಾ ಕರೆ ಮಾಡಿದರು. ಗಂಡ ಐಸಿಯುನಲ್ಲಿದ್ದರು. ಪ್ರಾರ್ಥಿಸಿದೆ. ಮಾತುಗಳು ಬಂದವು, ಅಭ್ಯಾಸದ ಮಾತುಗಳು. ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು, "ನೀವು ಈಗ ದೇವರ ಹತ್ರ ಮಾತಾಡಿದ್ರಾ, ಇಲ್ಲ ಅವರ ಹತ್ರ ಮಾತಾಡಿದ್ರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೇವರ ಕೆಲಸ ಮಾಡ್ತಿದ್ದೆ, ದೇವರ ಜೊತೆ ಇರಲಿಲ್ಲ. ಆ ರಾತ್ರಿ ನೆಲಕ್ಕೆ ಬಿದ್ದು ಅತ್ತೆ. ಮೂರನೇ ದಿನ ಆ ಸಹೋದರ ಕರ್ತನಲ್ಲಿ ನಿದ್ರೆಹೋದರು. ನಾನು ಕೇಳಿದ ಉತ್ತರ ಸಿಗಲಿಲ್ಲ. ಆದರೆ ಆ ಮನೆಯವರ ಪಕ್ಕದಲ್ಲಿ ಕುಳಿತಾಗ ಕರ್ತನು ಅಲ್ಲೇ ಇದ್ದಾನೆ ಅಂತ ಗೊತ್ತಿತ್ತು.

ಬೆಳಗ್ಗೆ 5ಕ್ಕೆ ಎದ್ದು ಡಬ್ಬಿ ಕಟ್ಟಿ ಗಾರ್ಮೆಂಟ್ಸ್‌ಗೆ ಓಡೋ ತಾಯಂದಿರೇ, ರಾತ್ರಿ ಪಾಳಿ ಮಾಡೋ ತಮ್ಮಂದಿರೇ, ನಾನು ನಿಮ್ಮ ಮೇಲೆ ಇನ್ನೊಂದು ಭಾರ ಹೊರಿಸ್ತಿಲ್ಲ. ನಿಮ್ಮ ದಣಿವು ಕರ್ತನಿಗೆ ಗೊತ್ತು. ಆದ್ರೆ ಎದ್ದ ಕೂಡಲೇ ಕೈ ಯಾವುದಕ್ಕೆ ಹೋಗುತ್ತೆ? ಮೊಬೈಲಿಗೆ. ಮೊದಲ 10 ನಿಮಿಷ ಕರ್ತನಿಗೆ ಕೊಡಿ. ಒಂದೇ ವಚನ ಓದಿ, ಅದನ್ನು ಕೆಲಸಕ್ಕೆ ಹೊತ್ತುಕೊಂಡು ಹೋಗಿ. ಆಮೇಲೆ ಮೇಲಧಿಕಾರಿ ಕರೆದಾಗ, ಮಗುವಿಗೆ ಜ್ವರ ಬಂದಾಗ, ಕೋಪ ನಾಲಿಗೆ ತುದಿಗೆ ಬಂದಾಗ ಒಂದು ಉಸಿರು ಸಾಕು. 6ನೇ ಅಧ್ಯಾಯದಲ್ಲಿ ನೋಡಿ, ವೈರಿಗಳು ಹೆದರಿಸುವಾಗಲೂ ಅವನು ತನ್ನ ಕೈಗಳಿಗೆ ಬಲ ಕೊಡು ಅಂತ ಬೇಡಿಕೊಂಡ. ಗೋಡೆ 52 ದಿನಗಳಲ್ಲಿ ಮುಗಿಯಿತು.

ಎಲ್ಲರೂ ಕಣ್ಣು ಮುಚ್ಚೋಣ. ನಿಮ್ಮ ಬಾವಿ ಒಣಗಿದೆಯಾ? ನಾಚಿಕೆ ಬೇಡ, ನಿಮ್ಮ ಕೈ ಎತ್ತಿ.

ತಂದೆಯೇ, ಓಡಾಟದಲ್ಲಿ ನಿನ್ನನ್ನು ಮರೆತದ್ದನ್ನು ಕ್ಷಮಿಸು. ಪವಿತ್ರಾತ್ಮನೇ, ನಮ್ಮನ್ನು ಮತ್ತೆ ತುಂಬಿಸು. ನಾಳೆ ಬೆಳಗ್ಗೆ ನೀನೇ ನಮ್ಮನ್ನು ಎಬ್ಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.