ಅದೇ ಮತ್ತು ಅಂಥದೇ

ಸಾವಿನ ಮನೆಯಲ್ಲಿ ಆಡತಕ್ಕ ಮಾತು ಸುಲಭವಾಗಿ ದೊರೆಯುವುದಿಲ್ಲವಾದುದರಿಂದ ಜನ ಸಿದ್ಧವಾದ ಮಾತೊಂದನ್ನು ಕೈಯಲ್ಲಿ ಹಿಡಿದೇ ಹೋಗುವರು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಕಡೆ ಈಚೆಗೆ ನನ್ನ ಕಿವಿಗೆ ಮೇಲಿಂದ ಮೇಲೆ ಬೀಳುತ್ತಿರುವ ಸಿದ್ಧವಾಕ್ಯವೆಂದರೆ, ಎಲ್ಲವೂ ಕ್ಷಣಿಕ, ನಿನ್ನೆಯ ನೀನೇ ಇಂದಿಲ್ಲವೆಂದಮೇಲೆ ಹೋದವರಿಗಾಗಿ ಅಳುವುದೇಕೆ ಎಂಬುದು. ಪ್ರವಚನದ ಪೆಂಡಾಲಿನಿಂದ ಮೊಬೈಲಿನ ಸಂದೇಶದವರೆಗೆ ಈ ಮಾತು ಹರಿದಾಡುತ್ತಿದೆ. ಹೇಳುವವರ ಅಂತಃಕರಣವನ್ನು ನಾನು ಸಂದೇಹಿಸೆನು. ಆದರೆ ಕ್ಷಣಿಕವಾದವೆಂಬುದು ಕಣ್ಣೊರಸುವುದಕ್ಕಾಗಿ ಹುಟ್ಟಿದ ಮಾತಲ್ಲ. ಒಂದು ವಸ್ತು ಕಾಲದಲ್ಲಿ ಮುಂದುವರಿಯುತ್ತ ತಾನೇ ಆಗಿ ಉಳಿಯುವುದೆಂದರೇನು ಎಂಬ ಸೂಕ್ಷ್ಮವಾದ ಪ್ರಶ್ನೆಗೆ ಬೌದ್ಧರು ಕೊಟ್ಟ ಉತ್ತರವದು. ಅದಕ್ಕೆ ಎದುರಾಗಿ ನಿಂತ ಇನ್ನೊಂದು ಉತ್ತರವೂ ನಮ್ಮಲ್ಲಿ ಇದೆ. ಅದರ ಹೆಸರು ಪ್ರತ್ಯಭಿಜ್ಞೆ. (ಕಾಶ್ಮೀರದ ಶೈವರ ದರ್ಶನಕ್ಕೂ ಇದೇ ಹೆಸರುಂಟು, ನಾನು ಹೇಳಹೊರಟಿರುವುದು ಅದನ್ನಲ್ಲ.)

ಪ್ರತ್ಯಭಿಜ್ಞೆಯೆಂದರೆ, ಹಿಂದೆ ಕಂಡುದನ್ನು ಈಗ ಕಾಣುತ್ತಿರುವುದರೊಡನೆ ಕೂಡಿಸಿ 'ಅದೇ ಇದು' ಎಂದು ತಿಳಿಯುವ ತಿಳಿವಳಿಕೆ. ಅಂದು ಅಲ್ಲಿ ನೋಡಿದ ದೇವದತ್ತನೇ ಇಂದು ಇಲ್ಲಿರುವ ಇವನು ಎಂಬುದು ಶಾಸ್ತ್ರಕಾರರ ಹಳೆಯ ಉದಾಹರಣೆ. ಇದಕ್ಕೆ ಕ್ಷಣಿಕವಾದಿಯ ಪ್ರತ್ಯುತ್ತರ: ಅದು ಭ್ರಮೆ, ನೀನು ಕಂಡದ್ದು ಅದನ್ನಲ್ಲ, ಅಂಥದನ್ನು; ಇರುಳೆಲ್ಲ ಉರಿಯುವ ದೀಪದ ಕುಡಿ ಕ್ಷಣಕ್ಷಣಕ್ಕೂ ಬೇರೆಯಾದರೂ ಒಂದೇ ಎಂದು ತೋರುವುದಿಲ್ಲವೆ? ದೀಪದ ಮಟ್ಟಿಗೆ ಇದನ್ನು ಶಂಕರರೂ ಒಪ್ಪಿಯಾರು. ಅವರು ಬ್ರಹ್ಮಸೂತ್ರಭಾಷ್ಯದಲ್ಲಿ ಎತ್ತುವ ಆಕ್ಷೇಪ ಬೇರೆ ತೆರನದು: 'ಇದು ಅದರಂತಿದೆ' ಎನ್ನಬೇಕಾದರೂ ಇದನ್ನೂ ಅದನ್ನೂ ಎರಡನ್ನೂ ಬಲ್ಲವನೊಬ್ಬನು ಎರಡು ಕಾಲಗಳಲ್ಲಿಯೂ ಇರಬೇಕಾಗುತ್ತದೆ, ಅಂಥವನನ್ನೇ ನೀವು ಒಪ್ಪದಿರುವಾಗ ಸಾದೃಶ್ಯವನ್ನು ಕಂಡವರು ಯಾರು?

'ಅದೇ' ಮತ್ತು 'ಅಂಥದೇ' ಎಂಬ ಈ ಭೇದ ಪಂಡಿತರ ಕೂದಲು ಸೀಳುವಿಕೆಯೆಂದು ತೋರಬಹುದು. ಆದರೆ ಕೊಟ್ಟೂರಿನ ಸಂತೆಯಲ್ಲಿ ಅದನ್ನು ಅರಿಯದವರಿಲ್ಲ. ಒಂದು ಚೀಲ ಶೇಂಗಾ ಬೀಜವನ್ನು ಕಡ ತಂದವನು ಅಂಥದೇ ಒಂದು ಚೀಲವನ್ನು ಹಿಂದಿರುಗಿಸಿದರೆ ಲೆಕ್ಕ ಚುಕ್ತವಾಯಿತು. ಉಳುಮೆಗೆಂದು ಎತ್ತನ್ನು ತಂದವನು ಅದೇ ಎತ್ತನ್ನು ತಂದು ಕಟ್ಟಬೇಕು, ಅದಕ್ಕಿಂತ ಬಲವಾದ ಇನ್ನೊಂದನ್ನು ಕಟ್ಟಿದರೂ ಒಡೆಯನು ಒಪ್ಪಲಿಕ್ಕಿಲ್ಲ.

ಬೌದ್ಧರ ಮಿಲಿಂದಪಞ್ಹವೆಂಬ ಗ್ರಂಥದಲ್ಲಿ ಬರುವ ಭಿಕ್ಷು ನಾಗಸೇನನ ಮೇಲೆ ನನಗೆ ಬಹುಕಾಲದಿಂದ ಒಂದು ಮುನಿಸುಂಟು. ರಥವೇರಿ ಬಂದ ಯವನ ದೊರೆ ಮಿಲಿಂದನನ್ನು ಅವನು ಮೂಕಿ ರಥವೇ, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದಾಗಿ ಕೇಳುತ್ತ ಹೋಗಿ, ದೊರೆ ಪ್ರತಿಯೊಂದಕ್ಕೂ ಅಲ್ಲವೆನ್ನಲು, ಇವೆಲ್ಲವನ್ನು ಕೂಡಿಸಿದರೂ ರಥವಲ್ಲ, ಇವನ್ನು ಬಿಟ್ಟರೆ ಬೇರೊಂದು ರಥವಿಲ್ಲ, ಆದುದರಿಂದ ರಥವೆಂಬುದು ಬರಿಯ ವ್ಯವಹಾರದ ಹೆಸರೆಂದು ದೊರೆಯ ಬಾಯಿಂದಲೇ ಆಡಿಸುತ್ತಾನೆ. ದೊರೆ ಬೇಗನೆ ಸೋತನು. ಅಂಗಗಳನ್ನು ರಾಶಿ ಹಾಕುವುದು ಬೇರೆ, ಕೀಲಿಗೆ ಕೀಲು ಕೂಡಿಸಿ ನಿಲ್ಲಿಸುವುದು ಬೇರೆ ಎಂದು ಅವನು ಹೇಳಬೇಕಾಗಿತ್ತು. ನೈಯಾಯಿಕರು ಹೇಳಿದರು: ಅವಯವಗಳಿಗಿಂತ ಬೇರೆಯಾದ ಅವಯವಿಯೊಂದುಂಟು, ಏಕೆಂದರೆ ಒಂದು ಭಾಗವನ್ನು ಹಿಡಿದು ಎಳೆದರೆ ಇಡೀ ವಸ್ತುವೇ ಬರುತ್ತದೆ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಕೈಹಚ್ಚಿದವರಿಗೆ ಈ ಯುಕ್ತಿಯನ್ನು ವಿವರಿಸಬೇಕಾಗಿಲ್ಲ. ಕೈಯಲ್ಲಿರುವುದು ಹಗ್ಗ, ಕದಲುವುದು ಕಳಸ. ನಾಗಸೇನನೂ ತನ್ನ ವಾದವನ್ನು ಕೊನೆಯವರೆಗೆ ನಂಬಿದವನಲ್ಲ. ಮಾವಿನ ಹಣ್ಣು ಕದ್ದವನು 'ನಾನು ಕದ್ದ ಹಣ್ಣು ಅವನು ನೆಟ್ಟ ಹಣ್ಣಲ್ಲ' ಎಂದು ವಾದಿಸಿದರೆ ಬಿಡಬಹುದೇ ಎಂಬ ಪ್ರಶ್ನೆ ಬಂದಾಗ, ಇಲ್ಲ, ನೆಟ್ಟುದರಿಂದಲೇ ಇದು ಬಂದುದು, ಕಳ್ಳನು ದಂಡಾರ್ಹನೇ ಎಂದು ತೀರ್ಮಾನವಾಗುತ್ತದೆ. ಕಳ್ಳನನ್ನು ಹಿಡಿಯುವುದಕ್ಕೆ ಬೇಕಾದಷ್ಟು ಮುಂದುವರಿಕೆಯನ್ನು ಒಪ್ಪಿದವನು, ದುಃಖಿತನು ಅದನ್ನೇ ಕೇಳಿದರೆ ಕ್ಷಣಿಕವೆಂದು ಏಕೆ ತಳ್ಳಬೇಕು?

ಹಗರಿಬೊಮ್ಮನಹಳ್ಳಿಯ ನನ್ನ ಗೆಳೆಯರೊಬ್ಬರಿಗೆ ಈ ಪ್ರಶ್ನೆ ಮೋಟಾರ್ ಸೈಕಲ್ಲಿನ ರೂಪದಲ್ಲಿ ಬಂದಿತು. ಅವರ ತಂದೆ ಶೇಂಗಾ ವ್ಯಾಪಾರಕ್ಕಾಗಿ ಊರೂರು ಸುತ್ತಿದ್ದು 1979ರ ಒಂದು ಯೆಜ್ಡಿಯ ಮೇಲೆ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ, ಎರಡು ಸೈಲೆನ್ಸರುಗಳ, ಗೇರು ಹಾಕುವ ಸನ್ನೆಯನ್ನೇ ತಿರುಗಿಸಿ ಕಿಕ್ ಹೊಡೆಯುವ ಆ ಗಾಡಿ. ಮುಪ್ಪಿನಲ್ಲಿ ಅದನ್ನು ಕೊಟ್ಟಿಗೆಗೆ ನೂಕಿದರು. ಅವರು ತೀರಿಕೊಂಡ ವರ್ಷ ಮಗ ಅದನ್ನು ಹೊರಕ್ಕೆ ತೆಗೆದರು. ತುಕ್ಕು ಹಿಡಿದ ಮಡ್ಗಾರ್ಡು ಹೋಯಿತು, ವೈರಿಂಗ್ ಹೋಯಿತು, ಸವೆದ ಸಿಲಿಂಡರಿಗೆ ಬೋರಿಂಗ್ ಮಾಡಿಸಿ ದೊಡ್ಡ ಪಿಸ್ಟನ್ನು ಕೂಡಿಸಿದರು; ಅಷ್ಟರಲ್ಲಿ ಎಂಜಿನ್ನಿನ ಕೇಸೇ ಸೀಳಿರುವುದು ಕಂಡು ದಾವಣಗೆರೆಯ ಗುಜರಿಯಿಂದ ಬೇರೊಂದು ಎಂಜಿನ್ ಬಂದಿತು. ಬದಲಾಯಿಸಗೊಡದೆ ಹಟ ಹಿಡಿದದ್ದು ತಗ್ಗುಬಿದ್ದ ಟ್ಯಾಂಕೊಂದನ್ನೇ. 'ಅಣ್ಣಾರ, ಹೊಸ ಟ್ಯಾಂಕು ಸಿಗತೈತಿ, ಇದನ್ಯಾಕ ಇಟ್ಕಂತೀರಿ' ಎಂದು ಮೆಕ್ಯಾನಿಕ್ಕು ಬೇಸತ್ತನು. ಗಾಡಿ ಓಡಿತು. ಆಗ ನೆಂಟರೊಬ್ಬರು, ಇದರಲ್ಲಿ ನಿಮ್ಮಪ್ಪಾರ ಗಾಡಿ ಎಲ್ಲಿ ಉಳಿದಿದೆ ಎಂದುಬಿಟ್ಟರು.

ನೆಂಟರು ಕೇಳಿದ್ದು ನಾಗಸೇನನ ಪ್ರಶ್ನೆಯನ್ನು, ಸರಕಾರದ ಉತ್ತರವೂ ಹೆಚ್ಚುಕಡಮೆ ನೆಂಟರ ಕಡೆಗಿದೆ. 2021ರ ಜುಲೈಯಲ್ಲಿ ಹೊರಬಿದ್ದ ಕೇಂದ್ರದ ನಿಯಮದಂತೆ ವಿಂಟೇಜ್ ವಾಹನವೆನಿಸಬೇಕಾದರೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಹೊರಕವಚ, ಎಂಜಿನ್ನುಗಳಲ್ಲಿ ಮಾರ್ಪಾಡಾಗಿರಬಾರದು. ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿಟಿಒ ಮೊದಲಾದ ಮಸಲ್ ಕಾರುಗಳನ್ನು ಜೀರ್ಣೋದ್ಧಾರ ಮಾಡುವವರೂ ಚಾಸಿಗೂ ಎಂಜಿನ್ನಿಗೂ ಕಾರ್ಖಾನೆ ಹೊಡೆದ ನಂಬರುಗಳು ತಾಳೆಯಾದರೆ ಮಾತ್ರ ಅಧಿಕ ಬೆಲೆ ಕೊಡುವರು. ಮಾರಾಟಕ್ಕೆ ಇದು ಸಾಕು. ಆದರೆ ಬಿಡಿಭಾಗಗಳ ಹಳಮೆಯನ್ನೇ ವಸ್ತುವಿನ ಏಕತ್ವವೆಂದು ಎಣಿಸುವುದು ನಾಗಸೇನನ ತಪ್ಪನ್ನೇ ಬೇರೊಂದು ಬಾಗಿಲಿನಿಂದ ಒಳತರುವುದಾಗಿದೆ. ನಮ್ಮ ಆಗಮಗಳು ಇದಕ್ಕಿಂತ ಜಾಣತನದಿಂದ ನಡೆದುಕೊಂಡವು: ಗುಡಿಯ ಜೀರ್ಣೋದ್ಧಾರ ಕೈಗೊಳ್ಳುವಾಗ ದೇವರ ಕಲೆಯನ್ನು ಕುಂಭಕ್ಕೆ ಆಕರ್ಷಿಸಿ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ತಪ್ಪದಂತೆ ನಡೆಸಿ, ಕೆಲಸ ಮುಗಿದಮೇಲೆ ಮರಳಿ ತುಂಬುತ್ತಾರೆ. ಕಲ್ಲು ಬದಲಾಗಬಹುದು, ನಡುವೆ ಪೂಜೆ ಕಡಿಯಬಾರದು.

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರರ ರಥೋತ್ಸವದಲ್ಲಿ ತೇರೇ ಉರುಳಿಬಿದ್ದಿತು. ಬಳಿಕ ಹೊಸ ತೇರಾಯಿತು. ಇಲ್ಲಿ ಒಂದೊಂದೇ ಅಂಗವಲ್ಲ, ಇಡೀ ರಥವೇ ಬದಲಾಯಿತಲ್ಲ, ನಿಮ್ಮ ವಾದ ಸೋತಿತಲ್ಲವೆ ಎಂದು ಯಾರಾದರೂ ಕೇಳಿಯಾರು. ಮರವನ್ನು ನೋಡಿದರೆ ಹೌದು. ಆದರೆ ತೇರು ತಾನೇ ಒಂದು ದೊಡ್ಡ ಅವಯವಿಯ ಅಂಗ. ಪಾದಯಾತ್ರೆ ಬರುವವರು, ಹಗ್ಗ ಹಿಡಿಯುವವರು, ಉತ್ತತ್ತಿ ಬಾಳೆಹಣ್ಣು ಎಸೆಯುವವರು ಎಲ್ಲರೂ ಕೂಡಿದ ಜಾತ್ರೆಯಲ್ಲಿ ಅಂಗವೊಂದು ಹೊಸದಾಯಿತು, ಜಾತ್ರೆ ಅದೇ. ಹರಪನಹಳ್ಳಿಯಂತೂ ಇದ್ದಲ್ಲಿಯೇ ಇದ್ದು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, ಆಮೇಲೆ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅದು ಹರಪನಹಳ್ಳಿಯಲ್ಲವೆಂದು ಯಾರೂ ಹೇಳಲಿಲ್ಲ. ಇದಕ್ಕೆ ತದ್ವಿರುದ್ಧವಾದುದು ಯೆಜ್ಡಿಯ ಹೆಸರಿನ ಕಥೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಬೇರೊಂದು ಸಂಸ್ಥೆ ಆ ಹೆಸರಿನಲ್ಲಿ ಹೊಸ ಗಾಡಿಗಳನ್ನು ಹೊರತಂದಿತು. ಒಳ್ಳೆಯ ಗಾಡಿಗಳೇ ಇರಬಹುದು. ನಡುವಣ ತಂತು ಕಡಿದು ಹೆಸರು ಮಾತ್ರ ಬಂದ ಈ ಸಂದರ್ಭಕ್ಕೆ ನಾಗಸೇನನ 'ಬರಿಯ ಹೆಸರು' ಸರಿಯಾಗಿ ಒಪ್ಪುತ್ತದೆ.

ಗೆಳೆಯರ ಗಾಡಿಯಲ್ಲಿ ಬಂದ ಪ್ರತಿಯೊಂದು ಭಾಗವೂ, ಆ ಗಾಡಿಗಾಗಿಯೇ, ಅದು ನಿಂತಿರುವಾಗಲೇ, ಹೋದುದರ ಸ್ಥಾನಕ್ಕೆ ಬಂದುದು. ಆದುದರಿಂದ ಅದು ಅವರ ತಂದೆಯ ಗಾಡಿಯೇ ಎಂಬುದು ನನ್ನ ನಿರ್ಣಯ; ಟ್ಯಾಂಕನ್ನು ಬದಲಿಸಿದ್ದರೂ ನಿರ್ಣಯ ಇದೇ ಆಗುತ್ತಿತ್ತು, ಆದರೆ ಇದನ್ನು ಅವರೆದುರು ಹೇಳಲಿಲ್ಲ. ತಂದೆಯ ವಿಷಯದಲ್ಲಿ ಮಾತ್ರ ಸ್ಥಾನಕ್ಕೆ ಬರತಕ್ಕ ಭಾಗವಿಲ್ಲ. ಪ್ರತ್ಯಭಿಜ್ಞೆ ಈ ನಷ್ಟವನ್ನು ತುಂಬಿಕೊಡುವುದಿಲ್ಲ. ಹೋದವನೊಬ್ಬನು ನಿಜವಾಗಿ ಇದ್ದನು, ಹೋದದ್ದು ಅವನೇ, ಅಂಥವನಲ್ಲ, ಎಂಬುದನ್ನು ಒಪ್ಪುತ್ತದೆ. ಕ್ಷಣಿಕವಾದದ ಸಾಂತ್ವನವಾದರೋ ಸಾವನ್ನು ಬದುಕಿನ ಎಲ್ಲ ಕ್ಷಣಗಳಿಗೂ ಹಂಚಿ ಅಗ್ಗಮಾಡಿ, ಕಳೆದುಕೊಳ್ಳುವುದಕ್ಕೆ ಯಾರೂ ಇರಲೇ ಇಲ್ಲವೆಂದು ಹೇಳಿ ಎದ್ದುಹೋಗುತ್ತದೆ. ಬುದ್ಧಗುರುವಿನ ಕರುಣೆ ಇಷ್ಟು ಬಡವಾಗಿರಲಿಲ್ಲವೆಂದು ನನ್ನ ನಂಬಿಕೆ. ದೂರು ನಾಗಸೇನನ ಮೇಲೆ, ಅದಕ್ಕೂ ಹೆಚ್ಚಾಗಿ ಅವನನ್ನು ಅರ್ಧ ಓದಿದವರ ಮೇಲೆ.

ಆ ಯೆಜ್ಡಿಗೆ 50 ವರ್ಷ ತುಂಬುವುದು 2029ರಲ್ಲಿ. ಎಂಜಿನ್ ಬೇರೆಯಾದುದರಿಂದ ಆಗಲೂ ಅದು ಕಾನೂನಿನ ಕಣ್ಣಿಗೆ ವಿಂಟೇಜ್ ಎನಿಸಲಾರದು; ಗೆಳೆಯರು ಅರ್ಜಿ ಹಾಕುವ ಯೋಚನೆಯನ್ನೂ ಮಾಡಿಲ್ಲ.