ನಿನ್ನ ಪಾಯಿಂಟ್ ಎಲ್ಲಿ ಹಾಕ್ತೀ?

ಭಾನುವಾರದ ಆರಾಧನೆಯ ಸಂದೇಶ, ಗೋಪನಕೊಪ್ಪ, ಹುಬ್ಬಳ್ಳಿ
ವಾಕ್ಯಭಾಗ: 2 ಪೇತ್ರ 1:3-8

ಎಲ್ಲಾರೂ ಸತ್ಯವೇದ ತೆಗೀರಿ. ಪೇತ್ರನು ಬರೆದ ಎರಡನೆಯ ಪತ್ರಿಕೆ, ಮೊದಲನೆಯ ಅಧ್ಯಾಯ, 3ರಿಂದ 8ನೇ ವಚನ. ಮೊಬೈಲ್‌ನ್ಯಾಗ ಓದೋರು ಓದ್ರಿ, ಆದ್ರ ವಾಟ್ಸಾಪ್ ಕಡೆ ಹೋಗಬ್ಯಾಡ್ರಿ.

ಇವತ್ತಿನ ಸಂದೇಶದಾಗ ಒಂದು ಗೇಮ್ ಬಗ್ಗೆ ಮಾತಾಡ್ತೀನಿ. ಹಿಂದ ಕೂತ ಅಜ್ಜಾರು, ಅಮ್ಮಾರು ಗಾಬರಿ ಆಗಬ್ಯಾಡ್ರಿ. ಯೇಸುಸ್ವಾಮಿ ಬಿತ್ತುವವನ ಬಗ್ಗೆ, ಮೀನಿನ ಬಲೆಯ ಬಗ್ಗೆ ಮಾತಾಡಿದ್ರು, ಯಾಕಂದ್ರ ಕೇಳೋರು ದಿನಾ ಅದನ್ನೇ ನೋಡ್ತಿದ್ರು. ನಮ್ಮ ಹುಡುಗೂರು ದಿನಾ ಏನು ನೋಡ್ತಾರ ಅಂತ ನಿಮಗೂ ಗೊತ್ತೈತಿ. ಇನ್ನೊಂದು ಮಾತು, ದುಡ್ಡು ಕಟ್ಟಿ ಆಡೋ ಆಟದ ಬಗ್ಗೆ ನಾನು ಹೇಳ್ತಾ ಇಲ್ಲ. ಅದನ್ನ 2025ರಲ್ಲಿ ಸಂಸತ್ತೇ ಕಾನೂನು ಮಾಡಿ ನಿಷೇಧಿಸೈತಿ. ಅದು ಬೆಂಕಿ, ಅದರಿಂದ ದೂರ ಇರ್ರಿ. ನಾನು ಹೇಳೋದು ಕಥೆಯ ಆಟ. ರೋಲ್ ಪ್ಲೇಯಿಂಗ್ ಗೇಮ್ ಅಂತಾರ. ರಾಕ್ಷಸರು, ಕೋಟೆ, ಕತ್ತಿ, ಮಂತ್ರ, ಎಲ್ಲಾ ಕಲ್ಪನೆಯ ಲೋಕ.

ಅಂಥಾ ಆಟದಾಗ ಮೊದಲು ಒಂದು ಪರದೆ ಬರ್ತೈತಿ. ನೀನು ಯಾರು ಆಗ್ತೀ ಅಂತ ಕೇಳ್ತೈತಿ. ಶಕ್ತಿ ಎಷ್ಟು, ಚುರುಕುತನ ಎಷ್ಟು, ದೇಹದ ತಾಳಿಕೆ ಎಷ್ಟು, ಬುದ್ಧಿ ಎಷ್ಟು, ವಿವೇಕ ಎಷ್ಟು, ಜನರನ್ನ ಸೆಳೆಯೋ ವ್ಯಕ್ತಿತ್ವ ಎಷ್ಟು. ಒಂದೊಂದಕ್ಕೂ ಒಂದು ನಂಬರ್. ಅದಕ್ಕ ಸ್ಟ್ಯಾಟ್ಸ್ ಅಂತಾರ. ಈ ಆರು ಗುಣಗಳ ಲೆಕ್ಕ ಶುರುವಾಗಿದ್ದು 1974ರಲ್ಲಿ, ಅಮೆರಿಕದಾಗ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನೋರು ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟದಿಂದ. ಕಂಪ್ಯೂಟರ್ ಇಲ್ಲದ ಆಟ, ಟೇಬಲ್ ಸುತ್ತ ಕೂತು ಆಡೋದು. ಇವತ್ತಿನ ವಿಡಿಯೋ ಗೇಮುಗಳು ಅದರ ಮಕ್ಕಳು, ಮೊಮ್ಮಕ್ಕಳು.

ಆ ಮೊದಲ ಆಟದಾಗ ನಿನ್ನ ನಂಬರ್ ಹೆಂಗ ಸಿಗ್ತಿತ್ತು? ಮೂರು ದಾಳ ಉರುಳಿಸೋದು. ಕಡಿಮೆ ಅಂದ್ರ 3, ಹೆಚ್ಚು ಅಂದ್ರ 18. ಏನು ಬಿತ್ತೋ ಅದೇ ನೀನು. ಆಮ್ಯಾಲೆ ಇನ್ನೊಂದು ಪದ್ಧತಿ ಬಂತು. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಅನ್ನೋ ಗೇಮಿನಾಗ ನಿನಗ 27 ಪಾಯಿಂಟ್ ಕೊಡ್ತಾರ. ಎಲ್ಲಾ ಗುಣ 8ರಿಂದ ಶುರು, 15ರ ತನಕ ಏರಿಸಬಹುದು. ಮ್ಯಾಲೆ ಹೋದಂಗ ರೇಟ್ ಜಾಸ್ತಿ. ಒಂದು ಗುಣ 15ಕ್ಕ ಮುಟ್ಟಿಸಬೇಕಂದ್ರ 9 ಪಾಯಿಂಟ್ ಬೇಕು. ಮೂರು ಗುಣ 15 ಮಾಡಿದ್ರ 27 ಖಾಲಿ. ಉಳಿದ ಮೂರು 8ರಾಗೇ ಬಿದ್ದಿರ್ತಾವು. ಹಂಗ ಬಿಟ್ಟ ಗುಣಕ್ಕ ಆಟಗಾರರು ಡಂಪ್ ಸ್ಟ್ಯಾಟ್ ಅಂತಾರ. ಕಸದ ಬುಟ್ಟಿಗೆ ಹಾಕಿದ ಗುಣ.

ಈಗ ಲಕ್ಷ್ಯ ಕೊಟ್ಟು ಕೇಳ್ರಿ. ಲೋಕದಾಗೂ ಇವೆರಡೇ ಸುವಾರ್ತೆ ಅದಾವು. ಒಂದು ದಾಳದ ಸುವಾರ್ತೆ: ಎಲ್ಲಾ ಹಣೆಬರಹ, ಬಿದ್ದದ್ದು ಬಿತ್ತು. ಇನ್ನೊಂದು 27 ಪಾಯಿಂಟಿನ ಸುವಾರ್ತೆ: ಎಲ್ಲಾ ನಿನ್ನ ಕೈಯಾಗೈತಿ, ನೀನೇ ನಿನ್ನ ಸೃಷ್ಟಿಕರ್ತ. ದೇವರ ವಾಕ್ಯ ಈ ಎರಡನ್ನೂ ಒಪ್ಪೋದಿಲ್ಲ.

ಮೊದಲು ದಾಳದ ಮಾತು. ಯೌವನಸ್ಥರ ಕೂಟ ಮುಗಿದ ಮ್ಯಾಲೆ ಒಬ್ಬ ತಮ್ಮ ನನಗ ಹೇಳಿದ, ಪಾಸ್ಟರ್, ನನ್ನ ಎಲ್ಲಾ ಸ್ಟ್ಯಾಟ್ಸ್ 8ರಾಗೇ ಅದಾವು, ದೇವರು ದಾಳ ಹಾಕುವಾಗ ನನಗ ಕೆಟ್ಟದ್ದೇ ಬಿತ್ತು. ನಕ್ಕೋತ ಹೇಳಿದ, ಆದ್ರ ಕಣ್ಣು ನಗಲಿಲ್ಲ. ಪ್ರಿಯರೇ, ಇದು ಹುಡುಗಾಟಿಕೆ ಮಾತಲ್ಲ. ರಿಸಲ್ಟ್ ಬರೋ ತಿಂಗಳು ಬಂದ್ರ ನಮ್ಮ ಊರಾಗ ಎಷ್ಟು ಮನಿಯಾಗ ಮಕ್ಕಳು ಬಾಗಿಲು ಹಾಕ್ಕೊಂಡು ಕೂಡ್ತಾರ! ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ವರ್ಷಗಟ್ಟಲೆ ಪರೀಕ್ಷೆಗೆ ಓದ್ತಾ ಇರೋ ಮಕ್ಕಳನ್ನ ಕೇಳ್ರಿ. ಊರಿಂದ ಫೋನ್ ಬಂದ್ರ ಎತ್ತೋಕೆ ಹೆದರ್ತಾರ.

ಆ ತಮ್ಮನಿಗೆ, ಅವನಂಥಾ ಎಲ್ಲಾರಿಗೂ ಮತ್ತಾಯ 25ನೇ ಅಧ್ಯಾಯ ಹೇಳ್ತೀನಿ. ಯಜಮಾನ ದೂರದೇಶಕ್ಕ ಹೊಂಟ. ಒಬ್ಬನಿಗೆ ಐದು ತಲಾಂತು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ಕೊಟ್ಟ. ನಾವು ಒಂದು ಅಂದ್ರ ಚಿಲ್ಲರೆ ಅನ್ಕೋತೀವಿ. ಒಂದು ತಲಾಂತು ಅಂದ್ರ ಸುಮಾರು 6000 ದಿನಾರಿ. ಒಂದು ದಿನಾರಿ ಅಂದ್ರ ಕೂಲಿಯವನ ಒಂದು ದಿನದ ಸಂಬಳ, ಮತ್ತಾಯ 20ರಲ್ಲಿ ಐತಿ. ವರ್ಷಕ್ಕ 300 ದಿನ ದುಡಿದ್ರ 20 ವರ್ಷದ ದುಡಿಮೆ! ಎಲ್ಲಾರಿಗಿಂತ ಕಡಿಮೆ ಸಿಕ್ಕವನ ಕೈಯಾಗ 20 ವರ್ಷದ ಸಂಬಳ ಇತ್ತು. ಅವನು ಹಾಳಾಗಿದ್ದು ಕಡಿಮೆ ಸಿಕ್ಕಿದ್ದಕ್ಕಲ್ಲ. ಹೆದರಿಕೊಂಡು ಮಣ್ಣಾಗ ಹುಗಿದಿಟ್ಟಿದ್ದಕ್ಕ. ಇನ್ನೊಂದು ಗಮನಿಸ್ರಿ, 21 ಮತ್ತು 23ನೇ ವಚನ ಪಕ್ಕ ಪಕ್ಕ ಇಟ್ಟು ಓದ್ರಿ. ಐದು ಸಿಕ್ಕವನಿಗೂ ಎರಡು ಸಿಕ್ಕವನಿಗೂ ಯಜಮಾನ ಹೇಳಿದ ಶಹಬ್ಬಾಸ್ ಒಂದೇ. ಅವನು ಇಬ್ಬರ ನಂಬಿಗಸ್ತಿಕೆ ನೋಡಿದ, ಮೊತ್ತ ಹೋಲಿಸಲಿಲ್ಲ. ಪಕ್ಕದವರಿಗೆ ಹೇಳ್ರಿ, ದೇವರು ನಿನ್ನ ಮ್ಯಾಲೆ ದಾಳ ಹಾಕಿಲ್ಲ. ಆಮೆನ್!

ಈಗ 27 ಪಾಯಿಂಟಿನ ಮಾತಿಗೆ ಬರೋಣ. ಇದು ಅಪ್ಪ ಅಮ್ಮಂದಿರಿಗೆ. ಅಕ್ಕಾರ, ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಮಕ್ಕಳು ಗೇಮ್ ಆಡ್ತಾರ ಅಂತ ಬೈತೀವಿ, ಆದ್ರ ಅದೇ ಆಟ ನಾವು ಮಕ್ಕಳ ಮ್ಯಾಲೆ ಆಡ್ತೀವಿ. ಎಲ್ಲಾ ಪಾಯಿಂಟ್ ಬುದ್ಧಿಗೆ. ಬೆಳಿಗ್ಗೆ ಟ್ಯೂಷನ್, ಕಾಲೇಜು, ಸಂಜೆ ಕೋಚಿಂಗ್. ದಮೆ ಎಷ್ಟೈತಿ? ಕೇಳೋದಿಲ್ಲ. ತಾಳ್ಮೆ? ಕೇಳೋದಿಲ್ಲ. ತಂಗಿ ಜೋಡಿ ಪ್ರೀತಿಲೆ ಮಾತಾಡ್ತಾನಾ, ಅಜ್ಜಿಗೆ ಒಂದು ಲೋಟ ನೀರು ಕೊಡ್ತಾನಾ? ಕೇಳೋದಿಲ್ಲ. ಮಾರ್ಕ್ಸ್ 15, ಉಳಿದದ್ದು 8. ಇಪ್ಪತ್ತೈದು ವರ್ಷ ಆದ ಮ್ಯಾಲೆ ಪಾಸ್ಟರ್ ಹತ್ರ ಬರ್ತೀವಿ, ಮಗ ಮಾತೇ ಕೇಳೋದಿಲ್ಲ, ಪ್ರಾರ್ಥನೆ ಮಾಡ್ರಿ ಅಂತ. ಮಾಡ್ತೀನಿ. ಆದ್ರ ಡಂಪ್ ಮಾಡಿದ್ದು ಯಾರು?

ಸತ್ಯವೇದದಾಗ ಇಂಥಾ ಮೂರು ಜನ ಅದಾರ. ಸಂಸೋನನ ಶಕ್ತಿ ನೋಡ್ರಿ, ಸಿಂಹವನ್ನೇ ಸೀಳಿದವನು. ಆದ್ರ ದಮೆ ಇಲ್ಲ. ಕಡೆಗೆ ಕಣ್ಣು ಕಳಕೊಂಡು ಸೆರೆಮನಿಯಾಗ ಬೀಸುತ್ತಾ ಕೂತ. ಸೊಲೊಮೋನನ ಜ್ಞಾನ ನೋಡ್ರಿ. ಗಿಬ್ಯೋನಿನಲ್ಲಿ ದೇವರು ಕನಸಿನಾಗ ಬಂದು ಏನು ಬೇಕು ಅಂತ ಕೇಳಿದಾಗ ವಿವೇಕವನ್ನೇ ಬೇಡಿಕೊಂಡ. ಒಳ್ಳೆ ಆಯ್ಕೆ! ಆದ್ರ 1 ಅರಸುಗಳು 11ಕ್ಕ ಬರೋ ಹೊತ್ತಿಗೆ ಅವನ ಹೃದಯ ಬೇರೆ ದೇವರುಗಳ ಕಡೆ ತಿರುಗಿತ್ತು. ಭಕ್ತಿ ಖಾಲಿ. ಅಬ್ಷಾಲೋಮ ಎಂಥಾ ಚೆಲುವ! ಇಸ್ರಾಯೇಲರ ಮನಸ್ಸನ್ನೇ ಕದ್ದುಬಿಟ್ಟ. ಆದ್ರ ಹೆತ್ತ ತಂದೆ ಮ್ಯಾಲೆ ಪ್ರೀತಿ ಇರಲಿಲ್ಲ. ಓಕ್ ಮರಕ್ಕ ತಲೆ ಸಿಕ್ಕು ಸತ್ತ. ಶಕ್ತಿ, ವಿವೇಕ, ಆಕರ್ಷಣೆ. ಮೂರು ಗುಣದಾಗ ಮೂವರು ಚಾಂಪಿಯನ್ನರು. ಮೂವರನ್ನೂ ಕೆಡವಿದ್ದು ಅವರು ಬಿಟ್ಟುಬಿಟ್ಟ ಗುಣ.

ಈಗ ಆ ಆರನೆಯ ಗುಣದ ಹೆಸರು ಕೇಳ್ರಿ. ಆಟದಾಗ ಅದಕ್ಕ ಕರಿಸ್ಮಾ ಅಂತಾರ. ಈ ಶಬ್ದ ಎಲ್ಲಿಂದ ಬಂತು? ನಮ್ಮ ಪೌಲನ ಗ್ರೀಕ್ ಶಬ್ದ ಅದು! ಖಾರಿಸ್ ಅಂದ್ರ ಕೃಪೆ, ಖಾರಿಸ್ಮ ಅಂದ್ರ ಕೃಪಾವರ. 1 ಕೊರಿಂಥ 12ರಲ್ಲಿ ಪವಿತ್ರಾತ್ಮನ ವರಗಳಿಗೆ ಅವನು ಬಳಸಿದ ಶಬ್ದ. ಲೋಕ ಆ ಶಬ್ದ ಎತ್ತಿಕೊಂಡು ಪಾಯಿಂಟ್ ಕೊಟ್ಟು ಕೊಂಡುಕೊಳ್ಳೋ ವಸ್ತು ಮಾಡಿತು. ಹಿಂದೆ ಇನ್ನೊಬ್ಬನೂ ಇದನ್ನ ಮಾಡಾಕ ನೋಡಿದ್ದ. ಅಪೊಸ್ತಲರ ಕೃತ್ಯಗಳು 8, ಸಮಾರ್ಯದ ಮಂತ್ರವಾದಿ ಸೀಮೋನ. ಹಣ ತಂದು ಅಪೊಸ್ತಲರ ಮುಂದ ಇಟ್ಟು, ಆ ಅಧಿಕಾರ ನನಗೂ ಬೇಕು ಅಂದ. ಅವನನ್ನ ಗದರಿಸಿದವನು ಯಾರು? ಪೇತ್ರ. ಇವತ್ತಿನ ಪತ್ರಿಕೆ ಬರೆದ ಅದೇ ಪೇತ್ರ. ದೇವರ ವರ ಅಂಗಡಿಯಾಗ ಸಿಗೋದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಂಗಾದ್ರ ನಾವು ಏನೂ ಮಾಡೋದು ಬ್ಯಾಡೇನು? ಕೈ ಕಟ್ಟಿ ಕೂಡೋಣೇನು? ಈಗ ನಮ್ಮ ವಾಕ್ಯಭಾಗಕ್ಕ ಬರ್ರಿ. 3ನೇ ವಚನದಾಗ ಪೇತ್ರ ಹೇಳೋದು ಏನಂದ್ರ, ಜೀವಕ್ಕೂ ಭಕ್ತಿಗೂ ಬೇಕಾದದ್ದೆಲ್ಲಾ ದೇವರು ಆಗಲೇ ಕೊಟ್ಟಾಗೈತಿ. ಇದು ಕೃಪೆ. 5ನೇ ವಚನದಾಗ, ಅದೇ ಕಾರಣದಿಂದ ನೀವು ಪೂರ್ಣ ಆಸಕ್ತಿಯಿಂದ ಪ್ರಯತ್ನ ಮಾಡ್ರಿ ಅಂತಾನ. ಇದು ಶ್ರಮ. ಕೊಟ್ಟಿದ್ದಾನೆ, ಅದಕ್ಕೇ ದುಡಿ. ಕ್ರಮ ತಿರುವು ಮಾಡಬ್ಯಾಡ್ರಿ. ದುಡಿದ್ರ ಕೊಡ್ತಾನ ಅನ್ನೋದು ಸೀಮೋನನ ಲೆಕ್ಕ. ಕೊಟ್ಟಾನಲ್ಲಾ, ಸುಮ್ಮನಿರೋಣ ಅನ್ನೋದು ಮಣ್ಣಾಗ ಹುಗಿದವನ ಲೆಕ್ಕ.

ಏನೇನು ಕೂಡಿಸಬೇಕು? ಬೆರಳು ಮಡಚಿ ಎಣಿಸ್ರಿ. ನಂಬಿಕೆ, ಸದ್ಗುಣ, ಜ್ಞಾನ, ದಮೆ, ತಾಳ್ಮೆ, ಭಕ್ತಿ, ಸಹೋದರಸ್ನೇಹ, ಪ್ರೀತಿ. ಎಂಟು. 2022ರಲ್ಲಿ ಬಂದ ಎಲ್ಡನ್ ರಿಂಗ್ ಅನ್ನೋ ಜಪಾನಿನ ಗೇಮಿನಾಗೂ ಎಂಟು ಸ್ಟ್ಯಾಟ್ಸ್ ಅದಾವು. ಇದರಾಗ ಪ್ರವಾದನೆ ಹುಡುಕಬ್ಯಾಡ್ರಿ, ಸುಮ್ಮನ ಕೂಡಿ ಬಂದದ್ದು. ಆದ್ರ ಒಂದು ವ್ಯತ್ಯಾಸ ನೋಡ್ರಿ. ಆ ಗೇಮಿನಾಗ ಫೇತ್, ಅಂದ್ರ ನಂಬಿಕೆ ಅನ್ನೋದೂ ಎಂಟರಾಗ ಒಂದು ಸ್ಟ್ಯಾಟ್. ಬೇಕಾದವರು ಏರಿಸಬಹುದು, ಬ್ಯಾಡಾದವರು ಬಿಟ್ಟು ಬರೀ ಕತ್ತಿ ಹಿಡಕೊಂಡೇ ಆಟ ಮುಗಿಸಬಹುದು. ಪೇತ್ರನ ಪಟ್ಟಿಯಾಗ ನಂಬಿಕೆ ಬುನಾದಿ. ಅದರ ಮ್ಯಾಲೆ ಉಳಿದ ಏಳು ಏಳ್ತಾವು. ಗೋಪನಕೊಪ್ಪದಾಗ ಮನಿ ಕಟ್ಟಿಸೋರು ಅದಾರ, ಅವರಿಗೆ ಗೊತ್ತು, ಬುನಾದಿ ಬಿಟ್ಟು ಸ್ಲ್ಯಾಬ್ ಹಾಕೋಕೆ ಆಗೋದಿಲ್ಲ.

ಇನ್ನೊಂದು ವ್ಯತ್ಯಾಸ. ಆಟದಾಗ ಒಂದಕ್ಕ ಹಾಕಿದ್ರ ಇನ್ನೊಂದಕ್ಕ ಕಡಿಮೆ. ಇಲ್ಲಿ ಒಂದು ಬೆಳೆದ್ರ ಇನ್ನೊಂದಕ್ಕ ದಾರಿ. ದಮೆ ಕಲಿತವನಿಗೆ ತಾಳ್ಮೆ ಸುಲಭ. ತಾಳ್ಮೆ ಇದ್ದವನಿಗೆ ಅಣ್ಣತಮ್ಮರ ಜೋಡಿ ಬಾಳೋದು ಸುಲಭ. ಇಲ್ಲಿ ಡಂಪ್ ಸ್ಟ್ಯಾಟ್ ಇಲ್ಲ, ಪ್ರಿಯರೇ. ನಾನು ಬಾಳ ಪ್ರಾರ್ಥನೆ ಮಾಡ್ತೀನಿ, ಆದ್ರ ಸಿಟ್ಟು ಮಾತ್ರ ನನ್ನ ಸ್ವಭಾವ ಅನ್ನೋ ಹಂಗಿಲ್ಲ. ಅನ್ಯಭಾಷೆಯಲ್ಲಿ ಮಾತಾಡಿ ಮನಿಗೆ ಹೋಗಿ ಹೆಂಡತಿಗೆ ಬೈಯೋ ಹಂಗಿಲ್ಲ. ಇದಕ್ಕ ಆಮೆನ್ ಸ್ವಲ್ಪ ಸಣ್ಣಗ ಬಂತು!

ಆದ್ರ ವರಗಳು ಬ್ಯಾರೆ ಬ್ಯಾರೆ. ಗುಣ ಎಲ್ಲಾರಿಗೂ ಎಂಟೂ ಬೇಕು, ವರ ಒಬ್ಬೊಬ್ಬರಿಗೆ ಒಂದೊಂದು. ಆ ಆಟ ಆಡೋರಿಗೆ ಗೊತ್ತು, ಒಬ್ಬನೇ ಎಲ್ಲಾ ಆಗೋಕೆ ಆಗೋದಿಲ್ಲ, ತಂಡ ಬೇಕು. ಒಬ್ಬ ಮುಂದ ನಿಂತು ಪೆಟ್ಟು ತಿನ್ನೋವ, ಒಬ್ಬ ಗಾಯ ವಾಸಿ ಮಾಡೋವ, ಒಬ್ಬ ಬೀಗ ತೆಗೆಯೋವ. ನಮ್ಮ ಸಭೆ ನೋಡ್ರಿ. ರೇಲ್ವೆ ವರ್ಕ್‌ಶಾಪಿನ ಅಣ್ಣ, ಆಸ್ಪತ್ರೆಯಾಗ ನೈಟ್ ಡ್ಯೂಟಿ ಮುಗಿಸಿ ನಿದ್ದೆ ಬಿಟ್ಟು ಬಂದ ತಂಗಿ, ಆಟೋ ಓಡಿಸೋ ತಮ್ಮ, ಓದು ಬರದಿದ್ರೂ ಎರಡು ತಾಸು ಮೊಣಕಾಲ ಮ್ಯಾಲೆ ಪ್ರಾರ್ಥಿಸೋ ಅವ್ವಾರು. ಇದು ಕ್ರಿಸ್ತನ ದೇಹ. ಕಣ್ಣು ಕೈಗೆ ನೀನು ಬ್ಯಾಡ ಅನ್ನೋ ಹಂಗಿಲ್ಲ ಅಂತ ಪೌಲ ಹೇಳಿದ್ದು ಇದಕ್ಕೇ.

ಕಡೇ ಮಾತು. ಕೆಲವರು ಒಳಗೊಳಗೇ ಅನ್ಕೋತಾ ಇದ್ದೀರಿ, ಪಾಸ್ಟರ್, ನಾನು ಪಾಯಿಂಟ್ ಎಲ್ಲಾ ತಪ್ಪು ಜಾಗದಾಗ ಹಾಕಿ ಮುಗಿಸೀನಿ, ವಯಸ್ಸಾತು. ಬಾಲ್ಡರ್ಸ್ ಗೇಟ್ 3ರಲ್ಲಿ ವಿದರ್ಸ್ ಅನ್ನೋ ಪಾತ್ರಕ್ಕ 100 ಚಿನ್ನದ ನಾಣ್ಯ ಕೊಟ್ಟರ ಪಾಯಿಂಟ್ ಎಲ್ಲಾ ವಾಪಸ್ ಕೊಟ್ಟು ಹೊಸದಾಗಿ ಹಾಕಿಸ್ತಾನ. ಮನುಷ್ಯ ಆಟದಾಗೂ ಇಂಥಾದ್ದೊಂದು ಬೇಕು ಅಂತ ಹಂಬಲಿಸಿ ಇಟ್ಟಾನ. ಆದ್ರ ಅಲ್ಲಿ ನಂಬರ್ ಬದಲಾಗ್ತೈತಿ, ಮನುಷ್ಯ ಅವನೇ. ರಾತ್ರಿ ಹೊತ್ತು ಬಂದ ನಿಕೊದೇಮನಿಗೆ ಯೇಸು ಹೇಳಿದ್ದು ಅದಕ್ಕಿಂತ ಆಳದ್ದು: ಹೊಸದಾಗಿ ಹುಟ್ಟಬೇಕು. ಅದರ ಬೆಲೆ ಬೆಳ್ಳಿ ಬಂಗಾರದಿಂದ ಕಟ್ಟಿದ್ದಲ್ಲ, ಕ್ರಿಸ್ತನ ಅಮೂಲ್ಯ ರಕ್ತದಿಂದ ಕಟ್ಟಾಗೈತಿ. ಮಿಡತೆ ತಿಂದ ವರ್ಷಗಳನ್ನೂ ತುಂಬಿಕೊಡೋ ದೇವರು ಅವನು, ಯೋವೇಲನ ಪುಸ್ತಕದಾಗ ಮಾತು ಕೊಟ್ಟಾನ. ಹಲ್ಲೆಲೂಯಾ!

ಈ ವಾರ ಒಂದೇ ಕೆಲಸ ಮಾಡ್ರಿ. ತಮ್ಮಂದಿರಾ, ತಂಗಿಯರಾ, ಆ ಪರದೆ ಮುಂದ ಅರ್ಧ ತಾಸು ಕೂತು ಯೋಚನೆ ಮಾಡ್ತೀರಿ, ಯಾವ ಗುಣಕ್ಕ ಎಷ್ಟು ಅಂತ. ಅದೇ ಅರ್ಧ ತಾಸು ಪೇತ್ರನ ಎಂಟು ಗುಣ ಒಂದು ಹಾಳೆಯಾಗ ಬರೆದು, ಯಾವುದನ್ನ ಕಸಕ್ಕ ಹಾಕಿದ್ದೀನಿ ಅಂತ ಪವಿತ್ರಾತ್ಮನನ್ನ ಕೇಳ್ರಿ. ಅಪ್ಪ ಅಮ್ಮಂದಿರೇ, ಮಕ್ಕಳ ಹಾಳೆ ನೀವು ತುಂಬಬ್ಯಾಡ್ರಿ, ನಿಮ್ಮದು ತುಂಬ್ರಿ. ಆಮ್ಯಾಲೆ ಮಕ್ಕಳ ತಲೆ ಮ್ಯಾಲೆ ಕೈ ಇಟ್ಟು, ಮಾರ್ಕ್ಸ್ ಬಗ್ಗೆ ಒಂದು ಮಾತೂ ಎತ್ತದೆ, ಒಮ್ಮೆ ಪ್ರಾರ್ಥನೆ ಮಾಡ್ರಿ.

ಎಲ್ಲಾರೂ ಎದ್ದು ನಿಲ್ರಿ, ಕಣ್ಣು ಮುಚ್ಚಿ. ಯಾರು ತನ್ನನ್ನ ತಾನೇ ಕೆಟ್ಟ ದಾಳ ಅನ್ಕೊಂಡು ಬಂದೀರೋ, ಮುಂದ ಬರ್ರಿ, ನಾಚಿಕೆ ಬ್ಯಾಡ.

ಪರಲೋಕದ ತಂದೆಯೇ, ನೀನು ನಮ್ಮನ್ನ ಅಳೆದು ತೂಗಿ ಬಿಸಾಡಲಿಲ್ಲ, ಹೆಸರು ಹಿಡಿದು ಕರೆದೆ. ನಿನ್ನ ಮಕ್ಕಳ ಭಯ ತೆಗೆದುಹಾಕು. ಕೈಯಲ್ಲಿ ಕೊಟ್ಟದ್ದನ್ನ ಹುಗಿದಿಡದೆ ನಿನಗಾಗಿ ದುಡಿಯೋ ಹೃದಯ ಕೊಡು. ಬಿಟ್ಟುಬಿಟ್ಟ ಗುಣಗಳನ್ನ ನಿನ್ನ ಆತ್ಮನಿಂದ ನಮ್ಮಲ್ಲಿ ಬೆಳೆಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.