ಕರುಣೆ ಒಬ್ಬರೇ ಹೊರುವ ಹೊರೆಯಲ್ಲ

☸️ *ಇಂದಿನ ಧಮ್ಮ ಚಿಂತನೆ* ☸️

ಕಳೆದ ತಿಂಗಳು ಒಂದು ಭಾನುವಾರ ವಿಹಾರದಲ್ಲಿ ತ್ರಿಸರಣ, ಪಂಚಶೀಲ ಮುಗಿಸಿ ಧ್ಯಾನಕ್ಕೆ ಕುಳಿತಿದ್ದೆವು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿದ್ದ ಒಬ್ಬ ಮಗಳು ಐದೇ ನಿಮಿಷದಲ್ಲಿ ನಿದ್ದೆಹೋದಳು. ಸಣ್ಣಗೆ ಗೊರಕೆಯೂ ಕೇಳಿಸಿತು. ಕೆಲವರು ಮುಸಿಮುಸಿ ನಕ್ಕರು. ಹಿರಿಯರೊಬ್ಬರು ಎಬ್ಬಿಸಲು ಎದ್ದರು. ಪಕ್ಕದಲ್ಲಿದ್ದ ಆಕೆಯ ಗಂಡ, ಬೇಡ ಎಂದು ಕೈಸನ್ನೆ ಮಾಡಿದ.

ಆಕೆ ಡಾಕ್ಟರ್. ಎಂಬಿಬಿಎಸ್ ಮುಗಿಸಿ ಈಗ ಮಕ್ಕಳ ವಿಭಾಗದಲ್ಲಿ ಎಂ.ಡಿ. ಎರಡನೇ ವರ್ಷ. ಮದುವೆಯಾಗಿ ಒಂದೂವರೆ ವರ್ಷ. ಗಂಡ ಹೈಸ್ಕೂಲ್ ಮೇಷ್ಟ್ರು. ಆಕೆಯ ಅಜ್ಜಿ ಹೊಲದ ಕೂಲಿ ಮಾಡಿದವರು, ಹೆಬ್ಬೆಟ್ಟು ಒತ್ತುತ್ತಿದ್ದವರು. ಮೊಮ್ಮಗಳು ಬಿಳಿ ಕೋಟು ತೊಟ್ಟ ದಿನ ನಮ್ಮ ಓಣಿಯೆಲ್ಲ ಪೇಢೆ ತಿಂದಿತ್ತು.

ಚಹಾ ಕುಡಿಯುವಾಗ ಆಕೆಯೇ ಹತ್ತಿರ ಬಂದು ಕೇಳಿದಳು:

"ಕಾಕಾ, ತಪ್ಪು ತಿಳ್ಕೋಬ್ಯಾಡ್ರಿ. ಕರುಣಾ ಅನ್ನೋದು ತೀರಿ ಹೋಗ್ತದೇನ್ರಿ? ನನ್ನ ಹತ್ರ ಈಗ ಏನೂ ಉಳಿದಿಲ್ಲ ಅನಿಸ್ತದ."

ಆಕೆ ಹೇಳಿದ್ದನ್ನು ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಡ್ಯೂಟಿ ಇರುವ ದಿನ ಬೆಳಿಗ್ಗೆ 8ಕ್ಕೆ ಆಸ್ಪತ್ರೆ ಹೊಕ್ಕರೆ, ರಾತ್ರಿಯೆಲ್ಲ ಕಳೆದು, ಮರುದಿನದ ರೌಂಡ್ಸ್ ಮುಗಿಸಿ ಹೊರಗೆ ಬರುವುದು ಮಧ್ಯಾಹ್ನ 2ಕ್ಕೆ. ಅಂದರೆ 30 ಗಂಟೆ. ಒಂದು ಕೆ.ಜಿ. ಸುತ್ತಮುತ್ತ ತೂಗುವ, ತಿಂಗಳು ತುಂಬದೆ ಹುಟ್ಟಿದ ಕೂಸುಗಳು. ಅವಕ್ಕೆ ಚೀಪುವ ಶಕ್ತಿ ಇರುವುದಿಲ್ಲ. ಎರಡು ಗಂಟೆಗೊಮ್ಮೆ ಸಣ್ಣ ನಳಿಕೆಯಲ್ಲಿ ಕೆಲವೇ ಎಂ.ಎಲ್. ತಾಯಿಹಾಲು ಇಳಿಸಬೇಕು. ದಾರದಂಥ ನರ ಹುಡುಕಿ ಸೂಜಿ ಹಾಕಬೇಕು. ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿನ ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕೂ ಮೇಲೆ ಹೋದರೆ ಅದು ಅಪಾಯದ ಗುರುತು.

ಅಂಥ ಒಂದು ರಾತ್ರಿ ಎಂಟು ದಿನದ ಕೂಸನ್ನು ತಂದರು. ಕಾಮಾಲೆ. ಬಟ್ಟೆ ಬಿಚ್ಚಿದರೆ ಹೊಟ್ಟೆಯ ಮೇಲೆ ಕಾಯಿಸಿದ ಕಬ್ಬಿಣದ ಬರೆ, ಅದು ಕೀವಾಗಿತ್ತು. ಬರೆ ಹಾಕಿಸಿದ್ದನ್ನು ಮನೆಯವರು ಹೇಳಿರಲೇ ಇಲ್ಲ. ನಂಜು ರಕ್ತಕ್ಕೆ ಏರಿತ್ತು. ಬೆಳಗಿನ ಜಾವ ಕೂಸು ಹೋಯಿತು. ಮೆಟ್ಟಿಲ ಮೇಲೆ ಕುಳಿತಿದ್ದ ಬಾಣಂತಿಗೆ ಅದನ್ನು ಹೇಳಬೇಕಾದವಳು ನಮ್ಮ ಈ ಮಗಳೇ. ಹೇಳಿ ಬಂದು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಪಕ್ಕದ ಮಂಚದ ಕೂಸಿನ ಮಾನಿಟರ್ ಕೂಗತೊಡಗಿತು.

ಮನೆಗೆ ಬಂದಾಗ ಗಂಡ ಕೇಳಿದ್ದು ಒಂದೇ ಮಾತು: "ಊಟ ಮಾಡ್ತೀಯೇನು?" ಅಷ್ಟಕ್ಕೇ ಆಕೆ ಕೂಗಾಡಿದಳು. ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು. ಸಂಜೆ ಅತ್ತೆಯ ಫೋನು: "ಸಿಹಿ ಸುದ್ದಿ ಯಾವಾಗವ್ವಾ?" ಇಷ್ಟರ ನಡುವೆ ಆಸ್ಪತ್ರೆಯಲ್ಲಿ ಸಣ್ಣದೊಂದು ತಪ್ಪಾದರೂ "ಕೋಟಾದವರು" ಎಂಬ ಪಿಸುಮಾತು ಬೆನ್ನ ಹಿಂದೆ ಕೇಳಿಸುತ್ತದೆ. ಅದಕ್ಕೇ ಆಕೆ ದಣಿವನ್ನು ಯಾರಿಗೂ ಹೇಳುವುದಿಲ್ಲ.

"ಹೊರಗಿನ ಮಕ್ಕಳಿಗೆ ಕೊಡೋ ಸಮಾಧಾನ ಮನ್ಯಾಗ ಕೊಡಾಕ ಆಗವಲ್ದು. ನಾ ಎಂಥ ಬೌದ್ಧಳು ಕಾಕಾ?"

ಬಂಧುಗಳೇ, ಈ ಪ್ರಶ್ನೆಗೆ ಅಂದು ನಾನು ಥಟ್ಟನೆ ಉತ್ತರ ಕೊಡಲಿಲ್ಲ. ಮನೆಗೆ ಬಂದು ವಿನಯ ಪಿಟಕದ ಒಂದು ಪ್ರಸಂಗವನ್ನು ಮತ್ತೆ ಓದಿದೆ. ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲೂ ಇದನ್ನು ಸೇರಿಸಿದ್ದಾರೆ. ನಮಗೆಲ್ಲ ಗೊತ್ತಿರುವ ಕಥೆಯೇ.

ಒಬ್ಬ ಭಿಕ್ಖುವಿಗೆ ಭೇದಿ ಹತ್ತಿತ್ತು. ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಬುದ್ಧರು ಆನಂದರೊಡನೆ ಅಲ್ಲಿಗೆ ಬಂದರು. ಆ ಕ್ಷಣ ಅವರು ಉಪದೇಶಕ್ಕೆ ಕೂರಲಿಲ್ಲ, ಆನಂದರಿಗೆ ನೀರು ತರಲು ಹೇಳಿದರು. ಬುದ್ಧರು ನೀರು ಹಾಕಿದರು, ಆನಂದರು ಮೈ ತೊಳೆದರು. ಬುದ್ಧರು ತಲೆಯ ಕಡೆ ಹಿಡಿದರು, ಆನಂದರು ಕಾಲ ಕಡೆ ಹಿಡಿದರು. ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು.

ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಒಂದು ಮಾತು ಮಾತ್ರ ಈ ಸಲವೇ ಕಣ್ಣಿಗೆ ಬಿತ್ತು. *ಮಹಾಕಾರುಣಿಕರಾದ ಬುದ್ಧರು ಕೂಡ ಆ ರೋಗಿಯನ್ನು ಒಬ್ಬರೇ ಎತ್ತಲಿಲ್ಲ.* ಇನ್ನೊಂದು ಜೊತೆ ಕೈ ಬೇಕಾಯಿತು.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಬುದ್ಧರು ಭಿಕ್ಖುಗಳನ್ನು ಸೇರಿಸಿ, ಇವನನ್ನು ಯಾಕೆ ಯಾರೂ ನೋಡಿಕೊಳ್ಳಲಿಲ್ಲ ಎಂದು ಕೇಳಿದರು. ಇವನಿಂದ ನಮಗೇನೂ ಉಪಯೋಗವಿಲ್ಲ ಎಂದು ಉತ್ತರ ಬಂತು. ಆಗ ಬುದ್ಧರು "ಕರುಣೆ ಇರಲಿ" ಎಂದು ಹೇಳಿ ಎದ್ದುಹೋಗಲಿಲ್ಲ, ಒಂದು ನಿಯಮವನ್ನೇ ಮಾಡಿದರು. ಗುರು ಕಾಯಿಲೆ ಬಿದ್ದರೆ ಶಿಷ್ಯ ನೋಡಬೇಕು, ಶಿಷ್ಯ ಬಿದ್ದರೆ ಗುರು ನೋಡಬೇಕು. ಯಾರೂ ಇಲ್ಲದವನನ್ನು ಸಂಘವೇ ನೋಡಬೇಕು. ನೋಡದಿದ್ದರೆ ಅದು ತಪ್ಪು.

ಕರುಣೆಯನ್ನು ಒಬ್ಬೊಬ್ಬರ ಮನಸ್ಸಿನ ಒಳ್ಳೆಯತನಕ್ಕೆ ಬಿಟ್ಟರೆ ಅದು ಒಂದು ದಿನ ಇರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ಅದಕ್ಕೇ ಬುದ್ಧರು ಅದನ್ನು ವಿನಯವಾಗಿ ಮಾಡಿದರು, ಎಲ್ಲರಿಗೂ ಹಂಚಿದರು.

ಬಾಬಾಸಾಹೇಬರೂ ಇದೇ ದಾರಿ ಹಿಡಿದರು. ಅವರು ಮತ್ತು ಮಾತೆ ರಮಾಬಾಯಿಯವರು ನಾಲ್ಕು ಮಕ್ಕಳನ್ನು ಕಳೆದುಕೊಂಡರು. ಉಳಿದವರು ಯಶವಂತರು ಒಬ್ಬರೇ. ಕೊನೆಯ ಮಗ ರಾಜರತ್ನ ತೀರಿಕೊಂಡಿದ್ದು 1926ರಲ್ಲಿ. ಅದಾದ ಎರಡೇ ವರ್ಷಕ್ಕೆ, 1928ರಲ್ಲಿ, ಮುಂಬಯಿ ಶಾಸನ ಸಭೆಗೆ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅವರು ಎದ್ದು ನಿಂತು ಬೆಂಬಲಿಸಿದರು. ದುಡಿಯುವ ತಾಯಿಗೆ ಹೆರಿಗೆಯ ಹಿಂದೆ ಮುಂದೆ ವಿಶ್ರಾಂತಿ ಸಿಗುವುದು ದೇಶದ ಹಿತವೇ, ಆದ್ದರಿಂದ ಅದರ ಹೊರೆಯನ್ನು ಸರ್ಕಾರವೂ ಹೊರಬೇಕು ಎಂದು ವಾದಿಸಿದರು. ಮುಂದೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಅವರು ತಂದ ತಿದ್ದುಪಡಿಯಿಂದ 1946ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಮಕ್ಕಳನ್ನು ಕಳೆದುಕೊಂಡ ತಂದೆ ಕರುಣೆಯನ್ನು ಕಾನೂನಿಗೆ ಇಳಿಸಿದ ರೀತಿ ಇದು.

ರೆಸಿಡೆಂಟ್ ಡಾಕ್ಟರುಗಳ ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿದೆ. ನಮ್ಮ ಮಗಳು 30 ಗಂಟೆ ನಿಲ್ಲುತ್ತಾಳೆ. ಆಕೆಗೆ "ಇನ್ನೂ ಸ್ವಲ್ಪ ಮೈತ್ರಿ ಭಾವನೆ ಮಾಡು" ಎಂದಷ್ಟೇ ಹೇಳಿ ಕಳಿಸಿದರೆ ಅದು ಧಮ್ಮೋಪದೇಶವಾಗದು, ನಮ್ಮ ಪಾಲಿನ ಕೆಲಸದಿಂದ ನುಣುಚಿಕೊಂಡ ಹಾಗಾಗುತ್ತದೆ.

ಆದ್ದರಿಂದ ಮುಂದಿನ ಭಾನುವಾರ ಆಕೆಗೆ ಹೇಳಿದೆ: "ತೀರಿದ್ದು ನಿನ್ನ ಕರುಣಾ ಅಲ್ಲವ್ವ, ಮೈಯಾಗಿನ ಕಸುವು. ಕರುಣಾ ತೀರಿದ್ರ ನೀ ಬಚ್ಚಲದಾಗ ಅಳ್ತಿದ್ದಿಲ್ಲ."

ಕಪಿಲವಸ್ತುವಿನಲ್ಲಿ ಶಾಕ್ಯರು ಹೊಸ ಸಭಾಭವನ ಕಟ್ಟಿಸಿ ಬುದ್ಧರನ್ನು ಕರೆದಿದ್ದರು. ರಾತ್ರಿ ಬಹಳ ಹೊತ್ತು ಉಪದೇಶ ಮಾಡಿದ ಮೇಲೆ ಬುದ್ಧರು, ನನ್ನ ಬೆನ್ನು ನೋಯುತ್ತಿದೆ, ಮುಂದಿನದನ್ನು ನೀನು ಹೇಳು ಎಂದು ಆನಂದರಿಗೆ ಒಪ್ಪಿಸಿ ಮಲಗಿದರು. ತುಂಬಿದ ಸಭೆಯಲ್ಲಿ ತಮ್ಮ ಬೆನ್ನುನೋವನ್ನು ಹೇಳಲು ಬುದ್ಧರು ನಾಚಲಿಲ್ಲ. ನಾವು ನಾಚಬೇಕೇ? ಬೆನ್ನ ಹಿಂದಿನ ಪಿಸುಮಾತಿಗೆ ಹೆದರಿ ದಣಿವು ಮುಚ್ಚಿಡುವ ನಮ್ಮ ಮಕ್ಕಳೆಲ್ಲರೂ ಇದನ್ನು ನೆನಪಿಡಬೇಕು. ಮೀಸಲಾತಿ ನಮ್ಮ ಹಕ್ಕು. ಅದಕ್ಕಾಗಿ ಯಾರೂ ಕಲ್ಲಾಗಿ ಬದುಕಿ ತೋರಿಸಬೇಕಿಲ್ಲ.

ಇನ್ನು ಮನೆಯವರ ಪಾಲು. ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಹೆಂಡತಿಯ ಕರ್ತವ್ಯಗಳಿಗೂ ಮೊದಲು ಗಂಡನ ಐದು ಕರ್ತವ್ಯಗಳನ್ನು ಹೇಳಿದ್ದಾರೆ. ಅದರಲ್ಲಿ ಮೊದಲನೆಯದು ಹೆಂಡತಿಯನ್ನು ಗೌರವಿಸುವುದು, ಎರಡನೆಯದು ಹೀನಾಯ ಮಾಡದಿರುವುದು. 30 ಗಂಟೆ ದುಡಿದು ಬಂದವಳು ಕೂಗಿದಾಗ ಗಂಡ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ತಟ್ಟೆ ಹಚ್ಚಿ ಇಡುವುದೂ ಆ ಗೌರವವೇ. ಇದನ್ನು ಹೇಳಿದಾಗ ಮೇಷ್ಟ್ರು ನಕ್ಕು, "ರೊಟ್ಟಿ ಬಡಿಯೋದು ಕಲ್ತೀನ್ರಿ ಕಾಕಾ, ದುಂಡಗ ಮಾತ್ರ ಬರವಲ್ದು" ಎಂದರು. ಅತ್ತೆಯವರಿಗೆ ಸಿಹಿ ಸುದ್ದಿಯ ಮಾತು ಸದ್ಯಕ್ಕೆ ಬೇಡವೆಂದು ಹೇಳುವ ಕೆಲಸವನ್ನೂ ಅವರೇ ಒಪ್ಪಿಕೊಂಡರು.

ಕೊನೆಯದಾಗಿ ನಮ್ಮೆಲ್ಲರ ಪಾಲು. ಅದೇ ವಿನಯ ಪ್ರಸಂಗದಲ್ಲಿ, ಆರೈಕೆ ಮಾಡುವವರಿಗೆ ಕಷ್ಟ ಕೊಡದ ರೋಗಿ ಹೇಗಿರಬೇಕು ಎಂದೂ ಬುದ್ಧರು ಹೇಳಿದ್ದಾರೆ. ತನಗೆ ಹಿತವಾದುದನ್ನು ಮಾಡಬೇಕು, ಹಿತವಾದುದರಲ್ಲೂ ಮಿತಿ ತಿಳಿದಿರಬೇಕು, ಔಷಧ ತಪ್ಪದೆ ತೆಗೆದುಕೊಳ್ಳಬೇಕು, ಕಾಯಿಲೆಯ ನಿಜ ಸ್ಥಿತಿಯನ್ನು ಮುಚ್ಚಿಡದೆ ಹೇಳಬೇಕು, ನೋವನ್ನು ತಾಳಿಕೊಳ್ಳಬೇಕು. ಕೂಸಿಗೆ ಬಾಯಿಲ್ಲ. ಅದರ ಪರವಾಗಿ ನಿಜ ಹೇಳಬೇಕಾದವರು ತಂದೆ ತಾಯಿ.

ಇಂದಿನಿಂದ ಪಾಲಿಸೋಣ:

🔹 ಕೂಸಿಗೆ ಬರೆ ಹಾಕಿಸುವುದು ಪ್ರಜ್ಞೆಗೂ ಕರುಣೆಗೂ ವಿರುದ್ಧ. ನಮ್ಮ ಓಣಿಯಲ್ಲಿ ಯಾರಾದರೂ ಹೊರಟರೆ ತಡೆಯೋಣ. ಕೂಸಿನ ಮೈ ಹಳದಿಯಾದರೆ ನೇರ ಆಸ್ಪತ್ರೆಗೆ ಕರೆದೊಯ್ಯೋಣ.

🔹 ಹೆರಿಗೆಯಾದ ತಕ್ಷಣ ಬರುವ ಗಿಣ್ಣದ ಹಾಲನ್ನು ಚೆಲ್ಲದೆ ಕೂಸಿಗೆ ಕುಡಿಸೋಣ.

🔹 ಮನೆಯಲ್ಲಿ ಏನೇ ಮದ್ದು ಮಾಡಿಸಿದ್ದರೂ ಡಾಕ್ಟರ ಮುಂದೆ ಮುಚ್ಚಿಡುವುದು ಬೇಡ. ಅವರು ಬೈದರೂ ಸರಿ, ಹೇಳೋಣ.

🔹 ನಮ್ಮ ನಡುವೆ ನರ್ಸ್, ಆಶಾ ಕಾರ್ಯಕರ್ತೆ, ಡಾಕ್ಟರ್, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸೊಸೆ ಯಾರೇ ಇರಲಿ, ಈ ವಾರ ಒಬ್ಬರಿಗೆ ಫೋನ್ ಮಾಡಿ, "ನೀ ಉಂಡಿಯೇನು?" ಎಂದು ಕೇಳೋಣ.

ನಮ್ಮ ಅಧ್ಯಯನ ವೃತ್ತದ ತಾಯಂದಿರು ಪಾಳಿ ಮಾಡಿಕೊಂಡಿದ್ದಾರೆ. ಆಕೆಗೆ ರಾತ್ರಿ ಡ್ಯೂಟಿ ಇದ್ದ ಮರುದಿನ ಒಂದೊಂದು ಮನೆಯಿಂದ ಡಬ್ಬಿ ಹೋಗುತ್ತದೆ.

ಮೊನ್ನೆ ಭಾನುವಾರವೂ ಆಕೆ ಬಂದಿದ್ದಳು. ಧ್ಯಾನಕ್ಕೆ ಕುಳಿತ ಐದೇ ನಿಮಿಷಕ್ಕೆ ನಿದ್ದೆಹೋದಳು. ಈ ಸಲ ಯಾರೂ ನಗಲಿಲ್ಲ. ಅಂದು ಎಬ್ಬಿಸಲು ಎದ್ದಿದ್ದ ಹಿರಿಯರೇ ಮೆಲ್ಲಗೆ ಹೋಗಿ ಫ್ಯಾನು ಆಕೆಯ ಕಡೆ ತಿರುಗಿಸಿ ಬಂದರು.

ಎಲ್ಲರಿಗೂ ಮಂಗಳವಾಗಲಿ. 🙏

*ನಮೋ ಬುದ್ಧಾಯ! ಜೈ ಭೀಮ್!* 💙